ಬಿಳಿಮಚ್ಚೆಯ ಬಳ್ಳಿ: ಅದರ ಸೊಬಗು ಮತ್ತು ಸಾಕಣೆ

ಗಿಡಬಳ್ಳಿಗಳಿಲ್ಲದ ಮನೆ ನಮ್ಮ ಸೀಮೆಯಲ್ಲಿ ಅಪರೂಪವೇ ಸರಿ. ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಾಗಲಿ, ಹಿತ್ತಿಲುಳ್ಳವರು ಬಾಳೆ, ತೆಂಗು, ನುಗ್ಗೆ, ಕರಿಬೇವುಗಳನ್ನೂ, ಅಂಗಳವಷ್ಟೇ ಉಳ್ಳವರು ಮಲ್ಲಿಗೆ, ಕಣಗಿಲೆ, ದಾಸವಾಳಗಳನ್ನೂ ಬೆಳೆಸಿಕೊಂಡು ಬಂದಿದ್ದಾರೆ. ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಮೈಸೂರು ಮಲ್ಲಿಗೆ ಈ ಮೂರೂ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿವೆ. ಲಾಲ್‌ಬಾಗಿನ ಹೊಣೆ ಹೊತ್ತು, ಮುಂದೆ ರಾಜ್ಯದ ತೋಟಗಾರಿಕೆ ಇಲಾಖೆಗೆ ಭದ್ರವಾದ ತಳಹದಿ ಹಾಕಿದ ಡಾ. ಎಂ. ಎಚ್. ಮರೀಗೌಡರು 1916ರಲ್ಲಿ ಜನಿಸಿದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ. ಇಂಥ ನೆಲದಲ್ಲಿ ಸಸ್ಯಪ್ರೇಮವನ್ನು ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ.

ಆದರೆ ಕಾಲ ಬದಲಾಗಿದೆ. ನಿವೇಶನಗಳು ಕಿರಿದಾದಂತೆ ಹಿತ್ತಿಲು ಮಾಯವಾಗಿ, ಗಿಡಗಳು ಕುಂಡಗಳನ್ನೇರಿ ಮನೆಯೊಳಗೆ ಬಂದಿವೆ. ಹಾಗೆ ಬಂದವುಗಳಲ್ಲಿ ಬಿಳಿಯ ಮಚ್ಚೆಗಳುಳ್ಳ ಹಬ್ಬುಬಳ್ಳಿಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಅರ್ಧ ಹಸಿರು, ಅರ್ಧ ಬಿಳುಪಿನ ಒಂದು ಎಲೆಯುಳ್ಳ ತುಂಡಿಗೆ ಸಾವಿರಾರು ರೂಪಾಯಿ ತೆತ್ತು ತರಿಸಿ, ಆರು ತಿಂಗಳೊಳಗೆ ಅದು ಕಂದಿಹೋದಾಗ ತಮ್ಮ ಕೈಗುಣವನ್ನೇ ಹಳಿದುಕೊಳ್ಳುವವರು ಹಲವರು. ಅಪರೂಪದ ಗಿಡವನ್ನು ಶಾಲೆಗೋ ಮಠಕ್ಕೋ ಭಕ್ತಿಯಿಂದ ಕಾಣಿಕೆಯಾಗಿ ತಂದೊಪ್ಪಿಸುವ ಹಳೆಯ ವಿದ್ಯಾರ್ಥಿಗಳೂ ಉಂಟು. ಆ ಬಿಳುಪು ಎಲ್ಲಿಂದ ಬಂದಿತು, ಅದು ಯಾರ ದುಡಿಮೆಯಿಂದ ಬದುಕುತ್ತದೆ ಎಂಬುದನ್ನು ತಿಳಿಯದೆ ಈ ಬಳ್ಳಿಯನ್ನು ಸಾಕಲಾಗದು. ತಿಳಿದರೆ ಸಾಕುವುದು ಕಷ್ಟವಲ್ಲ. ಏಕೆಂದರೆ ಅದಕ್ಕೆ ಬೇಕಾದ ಕೌಶಲವೆಲ್ಲ ನಮ್ಮ ವೀಳ್ಯದೆಲೆಯ ತೋಟಗಳಲ್ಲಿ ಮೊದಲೇ ಇದೆ. ಈ ಎರಡು ಮಾತುಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಳ್ಳಿಯ ಕುಲ ಮತ್ತು ತವರು

ಎಲ್ಲರ ಮನೆಯಲ್ಲಿಯೂ ಕಾಣುವ ಮನಿ ಪ್ಲಾಂಟ್‌ನಿಂದಲೇ ಆರಂಭಿಸೋಣ. ಇದರ ಶಾಸ್ತ್ರೀಯ ನಾಮ ಎಪಿಪ್ರೆಮ್ನಮ್ ಆರಿಯಮ್. ಇದರ ತವರು ಶಾಂತಸಾಗರದ ನಡುವೆ ಇರುವ ಸೊಸೈಟಿ ದ್ವೀಪಸ್ತೋಮದ ಮೊರಿಯಾ ಎಂಬ ಚಿಕ್ಕ ದ್ವೀಪ. 1880ರಲ್ಲಿ ಮೊದಲ ಬಾರಿಗೆ ವರ್ಣಿತವಾದಾಗ ಇದನ್ನು ಪೋಥಾಸ್ ಎಂಬ ಕುಲಕ್ಕೆ ಸೇರಿಸಿದರು. ಸಸ್ಯದ ಕುಲವನ್ನು ನಿರ್ಣಯಿಸಲು ಹೂವು ಮುಖ್ಯವಾದ ಆಧಾರ. ಈ ಬಳ್ಳಿಯಾದರೋ ಹೂ ಬಿಡುವುದೇ ಅತಿ ವಿರಳ. ಆದಕಾರಣ ಶಾಸ್ತ್ರಜ್ಞರು ಇದನ್ನು ಕುಲದಿಂದ ಕುಲಕ್ಕೆ ಸಾಗಿಸುತ್ತ ಬಂದು, ಕೊನೆಗೆ ಈಗಿನ ಹೆಸರಿನಲ್ಲಿ ನಿಲ್ಲಿಸಿದರು. ಹೂ ಬಿಡದಿರುವುದರ ಕಾರಣ 2016ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು: ಹೂಬಿಡುವಿಕೆಗೆ ಬೇಕಾದ ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂವಿಲ್ಲದ ಮೇಲೆ ಬೀಜವಿಲ್ಲ. ಎಂದರೆ, ನಮ್ಮ ಮನೆಗಳಲ್ಲಿರುವ ಮನಿ ಪ್ಲಾಂಟುಗಳೆಲ್ಲವೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ತುಂಡುತುಂಡಾಗಿ ಸಾಗಿಬಂದವುಗಳೇ.

ಈ ಬಳ್ಳಿಯು ಅರೇಸೀ ಎಂಬ ಕೆಸುವಿನ ಕುಟುಂಬಕ್ಕೆ ಸೇರಿದುದು. ನಮ್ಮ ಕೆಸು, ಸುವರ್ಣಗೆಡ್ಡೆಗಳು ಇದರ ದಾಯಾದಿಗಳು. ಎಲೆಯ ಆಕಾರವನ್ನು ನೋಡಿ ಇದನ್ನು ವೀಳ್ಯದೆಲೆಯ ಬಂಧುವೆಂದು ಭಾವಿಸುವವರುಂಟು, ಅದು ಸರಿಯಲ್ಲ. ವೀಳ್ಯದ ಬಳ್ಳಿ ಮೆಣಸಿನ ಬಳ್ಳಿಯ ಕುಟುಂಬದ್ದು. ಇವೆರಡರ ರೂಪ, ನಡತೆಗಳಲ್ಲಿ ಹೋಲಿಕೆಯುಂಟು, ನೆಂಟಸ್ತಿಕೆಯಿಲ್ಲ.

ಮನಿ ಪ್ಲಾಂಟಿನಲ್ಲಿ ಹಳದಿ ಮಚ್ಚೆಯದು ಸಾಮಾನ್ಯ. ಬಿಳಿಮಚ್ಚೆಯ ತಳಿಗಳಲ್ಲಿ ‘ಮಾರ್ಬಲ್ ಕ್ವೀನ್’ ಹಳೆಯದು. ಹೆಸರಿಗೆ ತಕ್ಕಂತೆ ಅಮೃತಶಿಲೆಯ ಮೇಲಿನ ಎಳೆಗಳಂತೆ ಹಸಿರು ಬಿಳುಪುಗಳು ಬೆರೆತಿರುತ್ತವೆ. ‘ಎನ್‌ಜಾಯ್’ ಮತ್ತು ‘ಮಂಜುಳಾ’ ಎಂಬ ತಳಿಗಳು ಈಚಿನವು. ಈ ಎರಡೂ ನಮ್ಮ ಭಾರತದಲ್ಲಿಯೇ ಕಾಣಿಸಿಕೊಂಡು ಹೊರದೇಶಗಳಿಗೆ ಹೋದವು ಎಂಬುದು ಸಂತೋಷದ ಸಂಗತಿ. ಬೆಲೆಯಲ್ಲಿ ಇವನ್ನೆಲ್ಲ ಮೀರಿಸುವುದು ಮಾನ್‌ಸ್ಟೆರಾ ಡೆಲಿಸಿಯೋಸಾ ಎಂಬ ದೊಡ್ಡ ಬಳ್ಳಿಯ ಬಿಳಿಯ ಬಗೆ. ಮೆಕ್ಸಿಕೋ ದೇಶದ ದಕ್ಷಿಣ ಭಾಗದಿಂದ ಪನಾಮಾವರೆಗಿನ ಕಾಡುಗಳು ಇದರ ಮೂಲಸ್ಥಾನ. ದಕ್ಷಿಣ ಥಾಯ್ಲೆಂಡ್ ಹಾಗೂ ಮಲೇಷ್ಯಾದ ರಾಫಿಡೋಫೋರಾ ಟೆಟ್ರಾಸ್ಪರ್ಮಾ ಇನ್ನೊಂದು. ಇದರ ಬಿಳಿಮಚ್ಚೆಯ ಒಂದು ಪುಟ್ಟ ಗಿಡವು 2021ರಲ್ಲಿ ನ್ಯೂಜಿಲೆಂಡಿನ ಹರಾಜೊಂದರಲ್ಲಿ ಆ ದೇಶದ 19,297 ಡಾಲರುಗಳಿಗೆ, ಎಂದರೆ ನಮ್ಮ ಹಣದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿಗೆ, ಮಾರಾಟವಾಯಿತು! ಕೆಲವೇ ಎಲೆಗಳ ಬಳ್ಳಿಗೆ ಇಷ್ಟು ಬೆಲೆ ಬಂದದ್ದು ಅದರ ಬಿಳುಪಿನ ದೆಸೆಯಿಂದ.

ಬಿಳುಪಿನ ಮರ್ಮ

ಎಲೆಗೆ ಹಸಿರು ಬಣ್ಣ ಬರುವುದು ಪತ್ರಹರಿತ್ತಿನಿಂದ. ಸೂರ್ಯನ ಬೆಳಕನ್ನು ಹಿಡಿದು, ಗಾಳಿಯ ಇಂಗಾಲದ ಡೈ ಆಕ್ಸೈಡನ್ನೂ ಬೇರು ತಂದ ನೀರನ್ನೂ ಸೇರಿಸಿ ಸಕ್ಕರೆಯನ್ನು ತಯಾರಿಸುವ ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಅನಿವಾರ್ಯ. ಬಿಳಿಯ ಭಾಗದಲ್ಲಿ ಅದು ಇಲ್ಲ, ಅಥವಾ ತೀರ ಕಡಿಮೆ. ಆದ್ದರಿಂದ ಎಲೆಯ ಬಿಳುಪು ಒಂದು ಬಣ್ಣವಲ್ಲ, ಬಣ್ಣದ ಅಭಾವ.

ಈ ಅಭಾವ ಉಂಟಾಗುವ ಬಗೆ ಎಲ್ಲ ಬಳ್ಳಿಗಳಲ್ಲಿಯೂ ಒಂದೇ ಅಲ್ಲ. ಕೆಲವು ಬಳ್ಳಿಗಳ ಕುಡಿಯಲ್ಲಿ, ಒಂದು ಜೀವಕೋಶದಲ್ಲಿ ಉತ್ಪರಿವರ್ತನೆ ಸಂಭವಿಸಿ ಅದು ಪತ್ರಹರಿತ್ತನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದರ ಸಂತಾನವೆಲ್ಲ ಬಿಳಿಯ ಕೋಶಗಳೇ. ಅಕ್ಕಪಕ್ಕದ ಕೋಶಗಳು ಹಸಿರನ್ನು ಉಳಿಸಿಕೊಂಡಿರುತ್ತವೆ. ಹೀಗೆ ಒಂದೇ ದೇಹದಲ್ಲಿ ಎರಡು ಬಗೆಯ ಕೋಶಗಳು ಕೂಡಿಬಾಳುವ ಸಸ್ಯವನ್ನು ‘ಕೈಮೀರಾ’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಈ ಪದವನ್ನು 1907ರಲ್ಲಿ ಬಳಕೆಗೆ ತಂದವರು ಜರ್ಮನಿಯ ಹಾನ್ಸ್ ವಿಂಕ್ಲರ್. ಎರಡು ವರ್ಷಗಳ ತರುವಾಯ, 1909ರಲ್ಲಿ, ಎರ್ವಿನ್ ಬಾವರ್ ಎಂಬವರು ಬಿಳಿಯಂಚಿನ ಪೆಲಾರ್ಗೋನಿಯಂ ಗಿಡಗಳನ್ನು ಪರೀಕ್ಷಿಸಿ, ಹಸಿರು ಮತ್ತು ಬಿಳಿಯ ಕೋಶಗಳು ಕುಡಿಯಲ್ಲಿ ಗೋಡೆಯೂ ಗಾರೆಯೂ ಇದ್ದಂತೆ ಬೇರೆಬೇರೆ ಪದರಗಳಾಗಿರುತ್ತವೆಂದು ತೋರಿಸಿದರು. ಅದೇ 1909ರಲ್ಲಿ ಕಾರ್ಲ್ ಕಾರೆನ್ಸ್ ಎಂಬ ವಿಜ್ಞಾನಿಯು ನಮ್ಮ ಹಿತ್ತಿಲುಗಳಲ್ಲಿ ತಾನಾಗಿ ಹುಟ್ಟುವ ಸಂಜೆಮಲ್ಲಿಗೆಯ ಮಚ್ಚೆಯ ಗಿಡಗಳನ್ನು ಅಭ್ಯಾಸಮಾಡಿ, ಎಲೆಯ ಈ ಬಣ್ಣಗಳು ತಾಯಿಗಿಡದ ಕಡೆಯಿಂದ ಮಾತ್ರ ಬರುತ್ತವೆಂದು ಸಾಧಿಸಿದರು. ಹೀಗೆ ಅನುವಂಶೀಯತೆಯ ಶಾಸ್ತ್ರದ ಒಂದು ಮಹತ್ವದ ಅಧ್ಯಾಯವು ಇಂಥ ಮಚ್ಚೆಯ ಎಲೆಗಳಿಂದಲೇ ತೆರೆಯಿತು.

ಬಿಳಿಯ ಮಾನ್‌ಸ್ಟೆರಾ ಕೈಮೀರಾದ ಉತ್ತಮ ನಿದರ್ಶನ. ಅದರ ಒಂದು ಎಲೆ ಅರ್ಧ ಬಿಳುಪಾಗಿದ್ದರೆ, ಮುಂದಿನದು ಬರಿಯ ಚುಕ್ಕೆಗಳದಾಗಿರಬಹುದು, ಅದರ ಮುಂದಿನದು ಪೂರ್ಣ ಹಸಿರಾಗಿರಬಹುದು. ಕುಡಿಯ ಯಾವ ಭಾಗದ ಕೋಶಗಳಿಂದ ಎಲೆ ಹೊಮ್ಮಿತು ಎಂಬುದನ್ನು ಅದು ಅವಲಂಬಿಸಿರುತ್ತದೆ.

ಬಿಳಿಯಾಗಿ ಕಂಡದ್ದೆಲ್ಲ ಹೀಗೆಯೇ ಎಂದು ತಿಳಿಯಬಾರದು. ಸಿಂಡಾಪ್ಸಸ್ ಪಿಕ್ಟಸ್ ಎಂಬ ಬಳ್ಳಿಯ ಎಲೆಯ ಮೇಲಿನ ಬೆಳ್ಳಿಯ ಚುಕ್ಕೆಗಳಿಗೆ ಕಾರಣ ಎಲೆಯ ಹೊರಪೊರೆಯ ಕೆಳಗೆ ಇರುವ ಗಾಳಿಯ ಅವಕಾಶ. ಅದರ ಕೆಳಗೆ ಹಸಿರು ಯಥಾಪ್ರಕಾರ ಇದೆ. ಇನ್ನು ನಮ್ಮ ರೈತರು ಬೆಂಡೆಯ ಗಿಡದಲ್ಲಿ ಕಾಣುವ ಹಳದಿ ನರಗಳು ಬಿಳಿನೊಣದಿಂದ ಹರಡುವ ನಂಜುರೋಗದ ಲಕ್ಷಣ. ಮೊದಲನೆಯದು ಎಲೆಯ ರಚನೆ, ಎರಡನೆಯದು ರೋಗ. ಇವುಗಳ ಭೇದವನ್ನರಿಯದೆ ರೋಗದ ಗಿಡವನ್ನು ಅಪರೂಪದ ತಳಿಯೆಂದು ಮನೆಗೆ ತರಬಾರದು.

ತರಗತಿಯಲ್ಲೊಂದು ಪ್ರಯೋಗ

ಅಧ್ಯಾಪಕ ಮಿತ್ರರಿಗೆ ಈ ಬಳ್ಳಿಯು ಅಲಂಕಾರಕ್ಕಿಂತ ಮಿಗಿಲಾದ ಉಪಕಾರವನ್ನು ಮಾಡಬಲ್ಲುದು. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವು ಪತ್ರಹರಿತ್ತಿನ ಅಗತ್ಯವನ್ನು ತೋರಿಸುವ ಚಟುವಟಿಕೆಗೆ ಮನಿ ಪ್ಲಾಂಟ್ ಅಥವಾ ಕ್ರೋಟನ್ ಗಿಡವನ್ನು ಹೆಸರಿಸಿದೆ. ಮಚ್ಚೆಯ ಬಳ್ಳಿಯ ಕುಂಡವನ್ನು ಮೂರು ದಿನ ಕತ್ತಲೆಯ ಕೋಣೆಯಲ್ಲಿರಿಸಿ, ಎಲೆಗಳಲ್ಲಿರುವ ಪಿಷ್ಟವು ತೀರುವಂತೆ ಮಾಡಬೇಕು. ಅನಂತರ ಸುಮಾರು ಆರು ಗಂಟೆ ಬೆಳಕಿನಲ್ಲಿರಿಸಿ, ಒಂದು ಎಲೆಯನ್ನು ಕಿತ್ತು, ಹಸಿರು ಎಲ್ಲಿದೆ, ಬಿಳುಪು ಎಲ್ಲಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಎಲೆಯನ್ನು ಕೆಲವು ನಿಮಿಷ ನೀರಿನಲ್ಲಿ ಕುದಿಸಿ, ಬಳಿಕ ಆಲ್ಕೋಹಾಲಿನಲ್ಲಿ ಅದ್ದಿಟ್ಟು, ಬಣ್ಣವೆಲ್ಲ ಇಳಿಯುವವರೆಗೆ ಕಾಯಿಸಬೇಕು. ಆಲ್ಕೋಹಾಲನ್ನು ನೇರವಾಗಿ ಉರಿಯ ಮೇಲೆ ಇಡಲೇಕೂಡದು. ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕಾಯಿಸತಕ್ಕದ್ದು. ಆಮೇಲೆ ಎಲೆಯನ್ನು ತೊಳೆದು ಅಯೋಡಿನ್ ದ್ರಾವಣವನ್ನು ಹಾಕಿದರೆ, ಹಸಿರಿದ್ದ ಕಡೆ ಮಾತ್ರ ಕಪ್ಪು ಮಿಶ್ರಿತ ನೀಲಿ ಬಣ್ಣ ಮೂಡುತ್ತದೆ. ಬಿಳುಪಿದ್ದ ಕಡೆ ಪಿಷ್ಟವಿಲ್ಲ.

ಈ ಪ್ರಯೋಗವನ್ನು ಕಂಡ ವಿದ್ಯಾರ್ಥಿಗೆ ಬಿಳಿಮಚ್ಚೆಯ ಬಳ್ಳಿಯ ಸಾಕಣೆಯ ಸಾರ ತಿಳಿದಂತೆಯೇ. ಎಲೆಯಲ್ಲಿ ಮುಕ್ಕಾಲು ಬಿಳುಪಿದ್ದರೆ ಉಳಿದ ಕಾಲು ಭಾಗದ ಹಸಿರೇ ಇಡೀ ಎಲೆಗೂ, ಬೇರಿಗೂ, ಮುಂದೆ ಬರುವ ಕುಡಿಗೂ ಅನ್ನವನ್ನೊದಗಿಸಬೇಕು. ಈ ಬಳ್ಳಿಗಳು ನಿಧಾನವಾಗಿ ಬೆಳೆಯುವುದೂ, ಸಣ್ಣ ಅಲಕ್ಷ್ಯಕ್ಕೂ ಬಾಡುವುದೂ ಇದರಿಂದಲೇ.

ವೀಳ್ಯದ ತೋಟ ಕಲಿಸುವ ಪಾಠ

ವೀಳ್ಯದೆಲೆ ಬೆಳೆಯುವ ನಮ್ಮ ರೈತರು ಅಗಸೆ, ನುಗ್ಗೆ, ಹಾಲವಾಣಗಳನ್ನು ಮೊದಲು ಬೆಳೆಸಿ, ಅವುಗಳ ಮೈಮೇಲೆ ಬಳ್ಳಿಯನ್ನು ಹಬ್ಬಿಸಿ, ಬಾಳೆಯ ನಾರಿನಿಂದ ಹಗುರವಾಗಿ ಕಟ್ಟುತ್ತಾರೆ. ತೋಟದ ಅಂಚಿನ ಬಾಳೆಯ ಸಾಲು ಬಿಸಿಗಾಳಿಯನ್ನು ತಡೆಯುತ್ತದೆ. ಅಗಸೆಯ ಸಣ್ಣೆಲೆಗಳ ನಡುವಿನಿಂದ ಬಿಸಿಲು ಸೋಸಿ ಇಳಿಯುತ್ತದೆ. ನೆಲ ಸದಾ ತಂಪು, ಆದರೆ ನೀರು ನಿಲ್ಲುವುದಿಲ್ಲ. ಮನೆಯೊಳಗಿನ ಬಳ್ಳಿಗೂ ಬೇಕಾದುದು ಇಷ್ಟೇ: ಸೋಸಿದ ಬೆಳಕು, ಏರಲು ಆಸರೆ, ತಂಪಾದ ಗಾಳಿ, ನೀರು ನಿಲ್ಲದ ಮಣ್ಣು.

ಬೆಳಕು: ಬಿಳಿಮಚ್ಚೆಯ ಬಳ್ಳಿಗೆ ಹಸಿರು ಬಳ್ಳಿಗಿಂತ ಹೆಚ್ಚು ಬೆಳಕು ಬೇಕು, ದುಡಿಯುವ ಭಾಗ ಕಡಿಮೆಯಾದುದರಿಂದ ಸಿಕ್ಕಿದ ಬೆಳಕು ಸಾಲದು. ಆದರೆ ನೇರವಾದ ಬಿಸಿಲು ಬಿದ್ದರೆ ಬಿಳಿಯ ಭಾಗ ಮೊದಲು ಸುಟ್ಟು ಕಂದಾಗುತ್ತದೆ. ಪೂರ್ವಕ್ಕೆ ಮುಖವುಳ್ಳ ಜಗಲಿ, ಎಳೆಬಿಸಿಲು ಮಾತ್ರ ಬರುವ ಕಿಟಕಿ ಶ್ರೇಷ್ಠ. ಪಶ್ಚಿಮದ ಕಿಟಕಿಯಾದರೆ ತೆಳುವಾದ ಬಿಳಿಯ ಪಂಚೆಯನ್ನು ಪರದೆಯಾಗಿ ಕಟ್ಟಬಹುದು. ಕತ್ತಲೆಯ ನಡುಮನೆ ಸಲ್ಲದು. ಅಲ್ಲಿ ಮಾರ್ಬಲ್ ಕ್ವೀನ್ ಬಳ್ಳಿಯು ಹೆಚ್ಚು ಹಸಿರೆಲೆಗಳನ್ನೇ ಬಿಡತೊಡಗುತ್ತದೆ.

ಆಸರೆ: ಕಾಡಿನಲ್ಲಿ ಈ ಬಳ್ಳಿಗಳು ಮರವನ್ನೇರುತ್ತವೆ. ನಮ್ಮ ಮನೆಯಲ್ಲಿ ಅಂಗೈಯಗಲದ ಎಲೆಯುಳ್ಳ ಮನಿ ಪ್ಲಾಂಟ್, ಹೊರಗೆ ದೊಡ್ಡ ಮರವೊಂದನ್ನು ಏರಿದರೆ ಎರಡಡಿಗೂ ಮೀರಿದ, ಸೀಳುಗಳುಳ್ಳ ಎಲೆಗಳನ್ನು ಬಿಡುವುದನ್ನು ಉದ್ಯಾನಗಳಲ್ಲಿ ಕಾಣಬಹುದು. ತೂಗುಬಿಟ್ಟ ಬಳ್ಳಿಯ ಎಲೆ ಚಿಕ್ಕದಾಗುತ್ತ ಹೋಗುತ್ತದೆ, ಏರುವ ಬಳ್ಳಿಯದು ದೊಡ್ಡದಾಗುತ್ತದೆ. ಆದ್ದರಿಂದ ತೆಂಗಿನ ನಾರನ್ನು ಒತ್ತಾಗಿ ಸುತ್ತಿದ ಎರಡು ಮೂರು ಅಡಿಯ ಕೋಲನ್ನು ಕುಂಡದ ನಡುವೆ ನಿಲ್ಲಿಸಿ, ನಾರನ್ನು ಆಗಾಗ್ಗೆ ನೆನೆಸುತ್ತಿರಬೇಕು. ಗೆಣ್ಣುಗಳಿಂದ ಹೊರಟ ಗಾಳಿಬೇರುಗಳು ಅದನ್ನು ಹಿಡಿದುಕೊಳ್ಳುತ್ತವೆ. ಬಳ್ಳಿ ಕೋಲಿನ ತುದಿಯನ್ನು ಮುಟ್ಟಿದಾಗ, ವೀಳ್ಯದ ತೋಟದಲ್ಲಿ ವರ್ಷಕ್ಕೊಮ್ಮೆ ಬಳ್ಳಿಯನ್ನು ಇಳಿಸಿ, ಬುಡದ ಭಾಗವನ್ನು ಸುರುಳಿ ಮಾಡಿ ಮಣ್ಣಿನಲ್ಲಿ ಮುಚ್ಚುವಂತೆಯೇ ಇಲ್ಲಿಯೂ ಮಾಡಬಹುದು. ಗೆಣ್ಣುಗಳು ಹೊಸ ಬೇರು ಬಿಟ್ಟು ಬಳ್ಳಿ ಮರಳಿ ಯೌವನವನ್ನು ಪಡೆಯುತ್ತದೆ.

ಮಣ್ಣು: ನಮ್ಮ ತಾಲ್ಲೂಕುಗಳ ಹಲವೆಡೆ ಇರುವ ಎರೆಮಣ್ಣು ಹೊಲಕ್ಕೆ ಒಳ್ಳೆಯದು, ಕುಂಡಕ್ಕೆ ತರವಲ್ಲ. ನೆನೆದಾಗ ಅಂಟು, ಒಣಗಿದಾಗ ಬಿರುಕು. ಎರಡರಿಂದಲೂ ಬೇರಿಗೆ ಉಸಿರಾಟ ತಪ್ಪುತ್ತದೆ. ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎಲೆಗೊಬ್ಬರ ಅಥವಾ ಎರೆಹುಳುಗೊಬ್ಬರ ಒಂದು ಪಾಲು, ಇಟ್ಟಿಗೆಯ ಚೂರು ಹಾಗೂ ಇದ್ದಿಲಿನ ಚೂರು ಸೇರಿ ಒಂದು ಪಾಲು, ಹೀಗೆ ಬೆರೆಸಿದರೆ ಸಾಕು. ಕುಂಡದ ತಳದಲ್ಲಿ ತೂತು ಇರಲೇಬೇಕು.

ನೀರು: ಈ ಬಳ್ಳಿಗಳು ಸಾಯುವುದು ಬಾಯಾರಿಕೆಗಿಂತ ಹೆಚ್ಚಾಗಿ ಅತಿ ಉಪಚಾರದಿಂದ. ಬೆರಳನ್ನು ಮಣ್ಣಿಗೆ ಇಳಿಸಿ, ಮೇಲಿನ ಒಂದು ಅಂಗುಲ ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಬಿಳಿಯ ಅಂಚುಗಳು ಕಂದಾಗುವುದುಂಟು. ಆಗ ನೀರನ್ನು ಹೆಚ್ಚಿಸುವ ಬದಲು, ಕುಂಡದ ಸುತ್ತ ತೇವವನ್ನು ಹೆಚ್ಚಿಸಬೇಕು. ಜಲ್ಲಿ ತುಂಬಿದ ತಟ್ಟೆಗೆ, ಜಲ್ಲಿಯ ಮಟ್ಟಕ್ಕಿಂತ ಕೆಳಗಿರುವಷ್ಟು ನೀರು ಹಾಕಿ, ಅದರ ಮೇಲೆ ಕುಂಡವನ್ನಿಡುವುದು ಸುಲಭ ವಿಧಾನ. ಕೊಳವೆಬಾವಿಯ ಗಡಸು ನೀರನ್ನೇ ಸದಾ ಹಾಕಿದರೆ ಕುಂಡದ ಮೈಮೇಲೆ ಬಿಳಿಯ ಉಪ್ಪು ಕಟ್ಟುತ್ತದೆ. ದೊರೆತಾಗ ಮಳೆಯ ನೀರನ್ನು ಹಿಡಿದಿಟ್ಟು ಬಳಸುವುದು ಲೇಸು. ನೀರು ಅಥವಾ ಮಣ್ಣಿನ ಗುಣದ ವಿಷಯದಲ್ಲಿ ಸಂದೇಹವಿದ್ದವರು ಸುತ್ತೂರಿನ ಜೆ. ಎಸ್. ಎಸ್. ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆಯಬಹುದು. ಚಳಿಯ ವಿಷಯದಲ್ಲಿ ಚಿಂತೆಯಿಲ್ಲ. ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಈ ಬಳ್ಳಿಗಳಿಗೆ ಹಾನಿಕರ. ನಮ್ಮ ಬಯಲುಸೀಮೆಯ ಮನೆಗಳೊಳಗೆ ಅಂಥ ಚಳಿ ಬಾರದು.

ಕೀಟ: ಎಲೆಯ ತೊಟ್ಟಿನ ಸಂದಿಯಲ್ಲಿ ಹತ್ತಿಯಂತೆ ಕಾಣುವ ಹಿಟ್ಟು ತಿಗಣೆಯೇ ಮುಖ್ಯ ಶತ್ರು. ಆರಂಭದಲ್ಲಿಯೇ ಒದ್ದೆಯ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೊಂಚ ಸಾಬೂನಿನ ನೀರು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬಹುದು.

ಹಸಿರು ಬಿಳುಪುಗಳ ಸಮತೋಲ

ಸಾಕಣೆಯ ಅತಿ ಸೂಕ್ಷ್ಮವಾದ ಭಾಗ ಇದು. ಮಚ್ಚೆಯ ಬಳ್ಳಿಯಲ್ಲಿ ಒಮ್ಮೊಮ್ಮೆ ಪೂರ್ಣ ಹಸಿರಾದ ಕವಲು ಹೊರಡುತ್ತದೆ. ಅದಕ್ಕೆ ಆಹಾರ ಹೆಚ್ಚು, ಆದುದರಿಂದ ಬೆಳವಣಿಗೆಯೂ ಬಿರುಸು. ಬಿಟ್ಟರೆ ಕ್ರಮೇಣ ಬಳ್ಳಿಯೆಲ್ಲ ಹಸಿರಾಗುತ್ತದೆ. ಮಚ್ಚೆಯನ್ನು ಉಳಿಸಿಕೊಳ್ಳಬೇಕಾದರೆ, ಚೆನ್ನಾಗಿ ಬಣ್ಣ ಬೆರೆತ ಕೊನೆಯ ಎಲೆಯ ಗೆಣ್ಣಿನ ಮೇಲಕ್ಕೆ ಆ ಕವಲನ್ನು ಕತ್ತರಿಸಬೇಕು.

ಇದಕ್ಕೆ ವಿರುದ್ಧವಾಗಿ, ಒಮ್ಮೊಮ್ಮೆ ಹಾಲಿನಂತೆ ಬೆಳ್ಳಗಿನ ಕವಲು ಬರುತ್ತದೆ. ಮನೆಯವರಿಗೆಲ್ಲ ಸಂಭ್ರಮ! ವಾಸ್ತವವಾಗಿ ಅದು ಕಳವಳಪಡಬೇಕಾದ ಸ್ಥಿತಿ. ಪೂರ್ಣ ಬಿಳಿಯ ಕವಲು ತನಗೆ ಬೇಕಾದ ಆಹಾರದ ಒಂದು ಕಣವನ್ನೂ ತಯಾರಿಸದು. ಕೆಳಗಿನ ಹಸಿರೆಲೆಗಳಿಂದಲೇ ಉಣ್ಣುತ್ತದೆ. ಅಂಥ ಎರಡು ಮೂರು ಎಲೆ ಬಂದೊಡನೆ, ಹಸಿರು ಬೆರೆತ ಗೆಣ್ಣಿಗೆ ಇಳಿಸಿ ಕತ್ತರಿಸುವುದು ಕ್ಷೇಮ. ಒಂದು ಎಲೆಯಲ್ಲಿ ಅರ್ಧದಷ್ಟಾದರೂ ಹಸಿರಿರುವ ಬಳ್ಳಿಯೇ ಬಹುಕಾಲ ಬಾಳುವಂಥದು.

ಬಳ್ಳಿಯನ್ನು ವೃದ್ಧಿಪಡಿಸುವುದು ತುಂಡಿನಿಂದ. ಎಲೆಯನ್ನಷ್ಟೇ ಕಿತ್ತು ನೀರಿನಲ್ಲಿಟ್ಟರೆ ಬೇರು ಬಂದರೂ ಹೊಸ ಕುಡಿ ಬಾರದು; ಗೆಣ್ಣು ಬೇಕೇಬೇಕು, ಏಕೆಂದರೆ ಮೊಗ್ಗು ಇರುವುದು ಗೆಣ್ಣಿನಲ್ಲಿ. ವೀಳ್ಯದ ಬಳ್ಳಿಗೆ ಮೂರರಿಂದ ಐದು ಗೆಣ್ಣುಗಳ ತುಂಡನ್ನು ಆರಿಸುತ್ತಾರೆ. ಮನಿ ಪ್ಲಾಂಟಿಗೆ ಎರಡು ಗೆಣ್ಣುಗಳು ಸಾಕು. ಮಳೆಗಾಲದ ಆರಂಭ ಇದಕ್ಕೆ ಅತ್ಯಂತ ಪ್ರಶಸ್ತವಾದ ಕಾಲ. ಕದ್ದು ತಂದ ಮನಿ ಪ್ಲಾಂಟ್ ಮಾತ್ರವೇ ಚಿಗುರುತ್ತದೆಂಬ ನಂಬಿಕೆ ನಮ್ಮಲ್ಲಿ ಹಲವರಿಗುಂಟು. ಗೆಣ್ಣಿದ್ದರೆ ಕೇಳಿ ತಂದುದೂ ಚಿಗುರುತ್ತದೆ. ಆದುದರಿಂದ ಕೇಳಿಯೇ ತರುವುದು ಮೇಲು. ಈ ಬಳ್ಳಿಯಿಂದ ಹಣ ಬರುತ್ತದೆಂಬುದೂ ಅಂಥದೇ ಮಾತು. ಕಾಯಕವನ್ನು ನಂಬಿದ ಪರಂಪರೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವಾಗ ಎಚ್ಚರಿಕೆ

ಅಪರೂಪದ ಬಳ್ಳಿಯನ್ನು ಹಣ ತೆತ್ತು ಕೊಳ್ಳುವವರು ಎಲೆಯನ್ನಲ್ಲ, ಕಾಂಡವನ್ನು ನೋಡಬೇಕು. ಕಾಂಡದ ಮೇಲೆ ಹಸಿರು ಮತ್ತು ಬಿಳಿಯ ಗೆರೆಗಳೆರಡೂ ಇದ್ದು, ಅವು ಗೆಣ್ಣಿನ ಮೊಗ್ಗಿನ ಬಳಿ ಹಾದುಹೋಗಿದ್ದರೆ ಮುಂದಿನ ಎಲೆಗಳಲ್ಲಿಯೂ ಬೆರಕೆ ಬಣ್ಣವನ್ನು ನಿರೀಕ್ಷಿಸಬಹುದು. ಮೊಗ್ಗಿನ ಸುತ್ತ ಬರಿಯ ಹಸಿರಿದ್ದರೆ ಹಸಿರು ಗಿಡ ಬರುವ ಸಂಭವವೇ ಹೆಚ್ಚು. ಬರಿಯ ಬಿಳುಪಿದ್ದರೆ ಬಂದ ಕುಡಿ ಬದುಕದು. ಪೂರ್ಣ ಬಿಳಿಯ ತುಂಡನ್ನು ‘ಅತ್ಯಪರೂಪ’ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವುದುಂಟು. ಅದರ ಬೆಲೆ ಎಷ್ಟೇ ಇರಲಿ, ಆಯುಷ್ಯ ಅತ್ಯಲ್ಪ.

ಬಿಳಿಯ ಮಾನ್‌ಸ್ಟೆರಾದ ಬೀಜವೆಂದು ಮಾರುವುದನ್ನೂ ನಂಬಲಾಗದು. ಕೈಮೀರಾದ ಮಚ್ಚೆಯನ್ನು ಬೀಜವು ಹಾಗೆಯೇ ಉಳಿಸಿಕೊಡುವುದಿಲ್ಲ. ಅಂಗಾಂಶ ಕೃಷಿಯಲ್ಲಿಯೂ ತೊಡಕುಂಟು. ಹಸಿರು, ಬಿಳಿಯ ಕೋಶಗಳು ಅಲ್ಲಿ ಬೇರ್ಪಟ್ಟು ಪೂರ್ಣ ಹಸಿರಿನ ಅಥವಾ ಪೂರ್ಣ ಬಿಳುಪಿನ ಸಸಿಗಳು ಹುಟ್ಟುತ್ತವೆ. ‘ಥಾಯ್ ಕಾನ್ಸ್ಟಲೇಷನ್’ ಎಂಬ ಕೆನೆಬಣ್ಣದ ಚುಕ್ಕೆಗಳ ಮಾನ್‌ಸ್ಟೆರಾ ಇದಕ್ಕೆ ಹೊರತು. ಅದರ ಮಚ್ಚೆ ಸ್ಥಿರವಾದುದರಿಂದ ಪ್ರಯೋಗಶಾಲೆಗಳಲ್ಲಿ ಹೇರಳವಾಗಿ ಬೆಳೆಸಲು ಸಾಧ್ಯವಾಗಿದೆ. ಬೆಳೆಸಲು ಸಾಧ್ಯವಾದಂತೆ ಬೆಲೆಯೂ ಇಳಿಯುತ್ತದೆ. ಆದುದರಿಂದ ಈ ಬಳ್ಳಿಗಳನ್ನು ಹಣ ಹೂಡುವ ಮಾರ್ಗವೆಂದು ಯಾರೂ ಎಣಿಸಬಾರದು.

ಹೊಸ ಗಿಡ ತಂದಾಗ ಹದಿನೈದು ದಿನವಾದರೂ ಇತರ ಗಿಡಗಳಿಂದ ದೂರವಿಡಬೇಕು. ತುಂಡಿನಿಂದ, ಕಂದಿನಿಂದ ವೃದ್ಧಿಯಾಗುವ ಸಸ್ಯಗಳು ತಾಯಿಯ ರೋಗವನ್ನೂ ಹೊತ್ತು ಬರುತ್ತವೆ. ಕಂದಿನಿಂದಲೇ ಬೆಳೆಯುವ ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ, ಒಂದು ಕಾಲಕ್ಕೆ ಊರೂರಲ್ಲಿದ್ದ ತೋಟಗಳೆಲ್ಲ ಬರಿದಾದದ್ದನ್ನು ಕಂಡವರಿಗೆ ಈ ಎಚ್ಚರಿಕೆಯ ಮಹತ್ವ ತಿಳಿಯದಿರದು.

ಶಾಲೆ ಮತ್ತು ವಿದ್ಯಾರ್ಥಿನಿಲಯಗಳಲ್ಲಿ

ವಿಷವನ್ನುಂಡ ದೇವನ ಹೆಸರಿನ ಊರಿನವರಿಗೆ ನಂಜಿನ ಮಾತು ಹೊಸದಲ್ಲವಾದರೂ ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೆಸುವನ್ನು ಹಸಿಯಾಗಿ ತಿಂದರೆ ಬಾಯಿ, ಗಂಟಲು ತುರಿಸುವುದನ್ನು ಎಲ್ಲರೂ ಬಲ್ಲರು. ಅದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅದೇ ಹರಳುಗಳು ಮನಿ ಪ್ಲಾಂಟ್, ಮಾನ್‌ಸ್ಟೆರಾಗಳ ಎಲೆ, ಕಾಂಡಗಳಲ್ಲಿಯೂ ಇವೆ. ಎಲೆ ವೀಳ್ಯದೆಲೆಯಂತೆ ಕಾಣುವುದರಿಂದ ಚಿಕ್ಕ ಮಕ್ಕಳು ಅಗಿದು ನೋಡುವ ಸಂಭವವುಂಟು. ನಾಲಗೆ ಉರಿದು ಊದಿಕೊಂಡರೆ ಬಾಯಿಯನ್ನು ಚೆನ್ನಾಗಿ ತೊಳೆಸಿ, ತಣ್ಣನೆಯ ನೀರನ್ನೋ ಹಾಲನ್ನೋ ಕುಡಿಸಿ, ಉಸಿರಾಟಕ್ಕೆ ಅಥವಾ ನುಂಗುವುದಕ್ಕೆ ಕಷ್ಟವಾದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕುಂಡಗಳನ್ನು ಮಕ್ಕಳ ಕೈಗೂ ದನಕರುಗಳ ಬಾಯಿಗೂ ಎಟುಕದ ಎತ್ತರದಲ್ಲಿಡುವುದು, ಕತ್ತರಿಸಿದ ಮೇಲೆ ಕೈ ತೊಳೆಯುವುದು ನಿಯಮವಾಗಬೇಕು.

ಎರಡನೆಯದು, ಗಾಜಿನ ಸೀಸೆಯಲ್ಲಿ ನೀರು ತುಂಬಿ ಬಳ್ಳಿಯನ್ನು ಇಡುವ ಪದ್ಧತಿ. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಸೀಸೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಬದಲಿಸಿ, ಸೀಸೆಯ ಒಳಮೈಯನ್ನು ಉಜ್ಜಿ ತೊಳೆಯತಕ್ಕದ್ದು. ಜಲ್ಲಿಯ ತಟ್ಟೆಗೂ ಇದೇ ನಿಯಮ. ನೂರಾರು ಮಕ್ಕಳು ಮಲಗುವ ವಿದ್ಯಾರ್ಥಿನಿಲಯದಲ್ಲಿ ಸೀಸೆಯ ಬಳ್ಳಿ ಬೇಡವೇ ಬೇಡ, ಮಣ್ಣಿನ ಕುಂಡವೇ ಸರಿ.

ಮೂರನೆಯದು, ಕತ್ತರಿಸಿದ ಬಳ್ಳಿಯನ್ನು ಹೊಳೆಯ ದಡದಲ್ಲಿಯೋ ತೋಪಿನಲ್ಲಿಯೋ ಎಸೆಯಬಾರದು. ಶ್ರೀಲಂಕಾ, ಹವಾಯಿ ಮುಂತಾದೆಡೆಗಳಲ್ಲಿ ಮನಿ ಪ್ಲಾಂಟ್ ಕಾಡುಗಳಿಗೆ ನುಗ್ಗಿ ಕಳೆಯಾಗಿದೆ. ಅಲಂಕಾರಕ್ಕೆಂದು ಬಂದ ಲಾಂಟಾನಾ ಬಂಡೀಪುರದ ಕಾಡನ್ನು ಆವರಿಸಿರುವುದು ನಮ್ಮ ಕಣ್ಣೆದುರಿಗೇ ಇದೆ. ತುಂಡುಗಳನ್ನು ಪೂರ್ಣವಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಈ ಬಳ್ಳಿಗಳು ಕೋಣೆಯ ಗಾಳಿಯನ್ನು ಶುದ್ಧಿಮಾಡುತ್ತವೆಂಬ ಪ್ರಚಾರವನ್ನು ಕುರಿತು ಒಂದು ಮಾತು. ಅಮೆರಿಕದ ನಾಸಾ ಸಂಸ್ಥೆಯು 1989ರಲ್ಲಿ ನಡೆಸಿದ ಪ್ರಯೋಗ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆದುದು. ಬಾಗಿಲು ಕಿಟಕಿಗಳುಳ್ಳ ಮನೆಗೆ ಅದು ಅನ್ವಯಿಸದೆಂದು 2019ರಲ್ಲಿ ಪ್ರಕಟವಾದ ವಿಮರ್ಶೆ ತೋರಿಸಿದೆ. ತರಗತಿಯ ಗಾಳಿ ಶುದ್ಧವಾಗಬೇಕಾದರೆ ಕಿಟಕಿಯನ್ನು ತೆರೆಯುವುದೇ ಮಾರ್ಗ.

ಉಪಸಂಹಾರ

ಬಿಳಿಮಚ್ಚೆಯ ಬಳ್ಳಿಯನ್ನು ಸಾಕುವುದೆಂದರೆ ಅದರ ಹಸಿರನ್ನು ಸಾಕುವುದು. ಕಣ್ಣು ಬಿಳುಪಿನ ಕಡೆಗೆ ಹೋಗುವುದು ಸಹಜ, ಆರೈಕೆ ಹಸಿರಿನ ಕಡೆಗೆ ಹೋಗಬೇಕು. ಹಸಿರು ತಾನು ದುಡಿದುದನ್ನು ತನಗಷ್ಟೇ ಇಟ್ಟುಕೊಳ್ಳದೆ ಎಲೆಯ ಉಳಿದ ಭಾಗಕ್ಕೂ ಉಣಬಡಿಸುತ್ತದೆ. ಕಾಯಕವಿಲ್ಲದೆ ದಾಸೋಹವಿಲ್ಲ ಎಂಬ ಶರಣರ ತತ್ತ್ವವನ್ನು ಮಕ್ಕಳಿಗೆ ತಿಳಿಸಲು ಅಯೋಡಿನ್ ಹಾಕಿದ ಆ ಒಂದು ಎಲೆಗಿಂತ ಸುಲಭವಾದ ದೃಷ್ಟಾಂತ ಬೇರೊಂದಿಲ್ಲ. ವಿದ್ಯಾಸಂಸ್ಥೆಯೂ ಅಂಥದೇ. ಅದರ ಕಟ್ಟಡ, ಉತ್ಸವ, ಪ್ರಶಸ್ತಿಗಳು ಹೊರಗಿನವರ ಕಣ್ಣಿಗೆ ಬೀಳುತ್ತವೆ. ಅವನ್ನು ಪೋಷಿಸುವುದು ದಿನದಿನವೂ ನಡೆಯುವ ಪಾಠ, ಪ್ರಸಾದ ನಿಲಯದ ಅಡುಗೆ, ಹೆಸರಿಲ್ಲದ ಸಿಬ್ಬಂದಿಯ ಸೇವೆ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿನಂತಿ. ದುಬಾರಿ ಬೆಲೆಯ ಒಂದು ಬಳ್ಳಿಗೆ ಬದಲಾಗಿ, ನಿಮ್ಮ ಮನೆಯಲ್ಲಿ ಚೆನ್ನಾಗಿ ಬೆಳೆದ ಮಾರ್ಬಲ್ ಕ್ವೀನ್ ಬಳ್ಳಿಯ ಹತ್ತು ತುಂಡುಗಳನ್ನು, ಜೊತೆಗೆ ಎರಡು ಕುಂಡ ವೀಳ್ಯದ ಬಳ್ಳಿಯನ್ನು ಜೂನ್ ತಿಂಗಳಲ್ಲಿ ನಿಮ್ಮೂರಿನ ಶಾಲೆಗೆ ತಂದುಕೊಡಿ. ಒಂದು ಪ್ರಯೋಗಶಾಲೆಯ ಜಗಲಿಯಲ್ಲಿ, ಇನ್ನೊಂದು ತೋಟದ ಅಗಸೆಯ ಮೇಲೆ ಹಬ್ಬಲಿ. ಎರಡನ್ನೂ ಮಕ್ಕಳೇ ನೆಟ್ಟು, ನೀರೆರೆದು, ಎರಡರ ಭೇದವನ್ನೂ ಬಂಧವನ್ನೂ ತಾವೇ ಕಂಡುಕೊಳ್ಳಲಿ.